ಸೆಪ್ಟೆಂಬರಿನ ಬಿಲ್ಲೋ, ಅಕ್ಟೋಬರಿನ ಕೋವಿಯೋ?

ಅಮೆರಿಕದ ಕೊಲರಾಡೋದ ಫ್ಲಾಟ್ ಟಾಪ್ಸ್ ಬೆಟ್ಟಗಳ ಕಡೆ ಎಲ್ಕ್ (ಭಾರಿ ಗಾತ್ರದ ಜಿಂಕೆ), ಮ್ಯೂಲ್ ಡೀರ್ (ಅದಕ್ಕಿಂತ ಚಿಕ್ಕ ಜಿಂಕೆ, ಮುಂದೆ ಬರೀ ‘ಡೀರ್’) ಎರಡನ್ನೂ ಒಂದೇ ಶಿಕಾರಿಯಲ್ಲಿ ಹೊಡೆಯಬೇಕು ಅನ್ನುವವರು ಮೊದಲು ಕೇಳುವುದು ಯಾವ ಸೀಸನ್ ಒಳ್ಳೆಯದು ಅಂತ. ಬಿಲ್ಲು, ಕೋವಿ ಎರಡೂ ಹಿಡಿದು ಹೋಗಿದ್ದೇನೆ. ಸೀಸನ್ ಆಮೇಲೆ, ನಿಮಗೆ ಯಾವ ಪ್ರಾಣಿ ಮುಖ್ಯ ಅನ್ನುವುದು ಮೊದಲು ಗೊತ್ತಾಗಲಿ. ಬೆಟ್ಟ ಒಂದೇ ಆದರೂ ಎರಡೂ ಒಂದೇ ಜಾಗದಲ್ಲಿ ಸಿಗುವುದಿಲ್ಲ.

ಬಿಲ್ಲಿನ ಸೀಸನ್ ಇರುವ ಸೆಪ್ಟೆಂಬರ್ ಎಲ್ಕಿಗೆ ಬೆದೆಯ ಕಾಲ. ಗಂಡು ಕೂಗಿ ಕೂಗಿ ತಾನೇ ಜಾಗ ತೋರಿಸಿಕೊಡುತ್ತದೆ. ಹೆಣ್ಣಿನ ದನಿ ಮಾಡಿ ಕರೆದರೆ ಬಾಣದ ಅಳತೆಗೂ ಬರಬಹುದು. ಗಾಳಿ ಮಾತ್ರ ನೋಡಿಕೊಳ್ಳಬೇಕು: ಬೆಳಗಿನ ತಂಪಿಗೆ ಇಳಿಜಾರಿನಲ್ಲಿ ಕೆಳಗಿಳಿಯುತ್ತದೆ, ಬಿಸಿಲೇರಿದ ಮೇಲೆ ಮೇಲೇರುತ್ತದೆ. ನಮ್ಮ ವಾಸನೆ ಅದಕ್ಕೆ ಸಿಕ್ಕಿತೋ, ಆ ದಿನ ಮುಗಿದಂತೆ. ಡೀರ್ ಆಗ ಮರಗಳೇ ಇಲ್ಲದ ಎತ್ತರದ ಬಯಲಲ್ಲಿ, ಸುಮಾರು 11,500 ಅಡಿಗೂ ಮೇಲೆ. ದುರ್ಬೀನಿನಲ್ಲಿ ಕಾಣುತ್ತವೆ, ಹತ್ತಿರ ಹೋಗಲು ಮರೆ ಇಲ್ಲ.

ಸೆಪ್ಟೆಂಬರಿನ ನಿಜವಾದ ಕಷ್ಟ ಮಾಂಸದ್ದು. ಗಂಡು ಎಲ್ಕ್ ನಮ್ಮ ಕಡವೆಗಿಂತ ದೊಡ್ಡ ಪ್ರಾಣಿ. ಮೂಳೆ ಬಿಡಿಸಿದರೂ ತೊಂಬತ್ತು ಕಿಲೋ ಹೊರಬೇಕು. ಮಧ್ಯಾಹ್ನದ ಬಿಸಿಗೆ ತೊಡೆಸಂದಿನಿಂದಲೇ ಕೆಡುತ್ತದೆ. ತಕ್ಷಣ ಚರ್ಮ ಸುಲಿದು, ಬಟ್ಟೆಚೀಲದಲ್ಲಿ ನೆರಳಿಗೆ ತೂಗುಹಾಕಿ, ಹೊರೆ ಹೊರೆಯಾಗಿ ಇಳಿಸಬೇಕು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದ ಶಿಕಾರಿಯೇ ಅಪರಾಧ; ಇಲ್ಲಿ ಹೊಡೆದು, ತಿನ್ನುವ ಮಾಂಸ ಬಿಟ್ಟು ಬರುವುದು ಅಪರಾಧ. ಜೊತೆಗಾರನಿಲ್ಲದೆ ನಾನಂತೂ ಬಿಲ್ಲು ಹಿಡಿದು ದೂರ ಹೋಗುವುದಿಲ್ಲ.

ಅಕ್ಟೋಬರ್ ಕೊನೆಯ ಎರಡನೇ ರೈಫಲ್ (ಕೋವಿ) ಸೀಸನ್‌ನಲ್ಲಿ ಈ ತಲೆನೋವಿಲ್ಲ, ಚಳಿಯೇ ಮಾಂಸ ಕಾಯುತ್ತದೆ. ಡೀರ್, ಎಲ್ಕ್ ಎರಡಕ್ಕೂ ಅವಕಾಶವಿದೆ. ಆದರೆ ಮೊದಲ ಸೀಸನ್‌ನ ಗುಂಡಿನ ಸದ್ದಿಗೆ ಎಲ್ಕ್ ದಟ್ಟ ಸ್ಪ್ರೂಸ್ ಕಾಡು ಸೇರಿ ಬಾಯಿ ಮುಚ್ಚಿಕೊಂಡಿರುತ್ತದೆ. ಡೀರ್ ಕೆಳಗೆ, ಆಸ್ಪೆನ್ ಮತ್ತು ಸೇಜ್ ಪೊದೆಗಳ ಅಂಚಿನಲ್ಲಿ. ಒಂದೇ ಬೆಳಗ್ಗೆ ಎರಡೂ ಕಡೆ ಇರಲಾಗದು. ಜೋರು ಹಿಮ ಬಿದ್ದರೆ ಎಲ್ಕ್ ಇಳಿಯುತ್ತದೆ, ಬೀಳದಿದ್ದರೆ ಡೀರ್ ನಂಬಿಕೊಳ್ಳಿ. ಡೇರೆಗೆ ಒಲೆ, ಗಾಡಿ ಚಕ್ರಕ್ಕೆ ಸರಪಳಿ, ಬೇರೆ ಶಿಕಾರಿಯವರಿಗೆ ಕಾಣಲೆಂದು ಮೈಮೇಲೆ 500 ಚದರ ಇಂಚು ಕಣ್ಣು ಕೋರೈಸುವ ಕಿತ್ತಳೆ ಅಥವಾ ಗುಲಾಬಿ ಬಟ್ಟೆ, ಅದೇ ಬಣ್ಣದ ಟೋಪಿ.

ಎರಡೂ ಬೇಕೆಂದರೆ ಕೋವಿ ಸರಿ. ಎಲ್ಕ್ ಸಾಕೆಂದರೆ ಬಿಲ್ಲಿಗೆ ಸಾಟಿಯಿಲ್ಲ. ಡೀರ್ ಬೆದೆಗೆ ಬರುವ ನವೆಂಬರಿನ ಮೂರನೇ ಸೀಸನ್ ಇನ್ನೂ ಚೆನ್ನ, ಆದರೆ ಡೀರ್ ಟ್ಯಾಗ್ (ಹೊಡೆಯುವ ಪರವಾನಗಿ) ಲಾಟರಿಯಲ್ಲೇ ಬರಬೇಕು, ಅರ್ಜಿ ಏಪ್ರಿಲ್ ಮೊದಲ ವಾರದೊಳಗೆ. ಒಳ್ಳೆಯ ಯೂನಿಟ್‌ಗಳಿಗೆ (ಶಿಕಾರಿ ವಲಯಗಳಿಗೆ) ವರ್ಷಗಟ್ಟಲೆ ಅರ್ಜಿ ಹಾಕಿ ಪಾಯಿಂಟ್ ಕೂಡಿಸಬೇಕು. ನಾನು ಕೂಡಿಸುತ್ತಿದ್ದೇನೆ, ಅಲ್ಲಿಯವರೆಗೆ ಸೆಪ್ಟೆಂಬರೇ.