ಅಪ್ಲಿಕ್ ಕೌದಿಗೆ ಅಂಟು, ಕಾಗದ, ಬರೀ ಸೂಜಿ: ನನ್ನ ಓಟು ಸೂಜಿಗೇ

ಮೊದಲೇ ಹೇಳಿಬಿಡುತ್ತೇನೆ: ಕೈಯಲ್ಲಿ ಅಪ್ಲಿಕ್, ಅಂದರೆ ಬಟ್ಟೆಯ ಮೇಲೆ ಬೇರೆ ಬಟ್ಟೆಯ ಚಿತ್ರದ ತುಂಡು ಇಟ್ಟು ಹೊಲಿಯುವುದನ್ನು, ಕಲಿಯಲು ಹೊರಟವರು ಶುರುವಿಗೇ ಅಂಟಿನ ಹಾಳೆಗೆ ದುಡ್ಡು ಸುರಿಯಬೇಡಿ. ತಂಗಿಯ ಕೂಸಿಗೆ ಆನೆ, ಹೂವು, ಎಲೆ ಇರುವ ಸಣ್ಣ ಕೌದಿ ಹೊಲಿಯುವಾಗ ಮೂರೂ ದಾರಿ ಹಿಡಿದು ನೋಡಿದೆ. ಒಂದು, ಇಸ್ತ್ರಿಯ ಕಾವಿಗೆ ಅಂಟುವ ಫ್ಯೂಸಿಬಲ್ ವೆಬ್. ಎರಡು, ಫ್ರೀಜರ್ ಪೇಪರ್. ಮೂರು, ಏನೂ ಇಲ್ಲದೆ ಸೂಜಿಯ ಮೊನೆಯಿಂದಲೇ ಅಂಚು ಒಳಗೆ ಮಡಿಚುತ್ತಾ ಹೊಲಿಯುವ ನೀಡಲ್ ಟರ್ನ್. ಮೂರನೆಯದೇ ಕಷ್ಟ ಅಂತ ಎಲ್ಲರೂ ಹೆದರಿಸುತ್ತಾರೆ. ನನಗೆ ಅದೇ ಸಲೀಸು.

ಅಂಟಿನ ಹಾಳೆಯ ತಕರಾರು ಅಂಗಡಿಯಲ್ಲೇ ಶುರು. ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಫ್ಯೂಸಿಂಗ್ ಕೊಡಿ ಅಂದರೆ ಕಾಲರಿಗೆ ಹಾಕುವ ಕ್ಯಾನ್ವಾಸ್ ತೆಗೆದಿಡುತ್ತಾರೆ. ಅದಕ್ಕೆ ಒಂದೇ ಕಡೆ ಅಂಟು. ನಮಗೆ ಬೇಕಾದದ್ದು ಎರಡೂ ಕಡೆ ಅಂಟಿದ್ದು, ಒಂದು ಕಡೆ ಕಾಗದದ ಹೊದಿಕೆ ಇರುವಂಥದ್ದು. ಕೊನೆಗೆ ಆನ್‌ಲೈನ್‌ನಲ್ಲಿ ತರಿಸಿದೆ. ಕೊಟ್ಟ ದುಡ್ಡಿಗೆ ಒಳ್ಳೆಯ ಕಾಟನ್ ಬಟ್ಟೆಯೇ ಎರಡು ಮೀಟರ್ ಬರುತ್ತಿತ್ತು.

ಕೆಲಸವೇನೋ ಚುರುಕಾಗಿ ಸಾಗುತ್ತದೆ. ಕಾಗದದ ಮೇಲೆ ಚಿತ್ರವನ್ನು ಉಲ್ಟಾ ಬರೆದುಕೊಂಡು, ಬಟ್ಟೆಯ ಹಿಂಬದಿಗೆ ಇಸ್ತ್ರಿ ಮಾಡಿ, ಗೆರೆಯ ಮೇಲೇ ಕತ್ತರಿಸಿ, ಕಾಗದ ಕಿತ್ತು, ನೆಲದ ಬಟ್ಟೆಗೆ (ಚಿತ್ರ ಕೂರಬೇಕಾದ ಬಟ್ಟೆಗೆ) ಇಸ್ತ್ರಿ ಒತ್ತಿದರೆ ಮುಗಿಯಿತು. ಮಡಿಚುವ ರಗಳೆಯೇ ಇಲ್ಲ. ಒಂದು ಸಂಜೆಯಲ್ಲಿ ಆನೆ ಸೊಂಡಿಲೆತ್ತಿ ನಿಂತಿತು. ಸುತ್ತಲೂ ಬ್ಲ್ಯಾಂಕೆಟ್ ಸ್ಟಿಚ್ ಹಾಕಿದೆ. ಹಾಕದಿದ್ದರೆ ಕತ್ತರಿಸಿದ ಅಂಚು ಎಳೆ ಬಿಡುತ್ತದೆ.

ಪಜೀತಿ ಬಂದದ್ದು ಕೌದಿ ಹೊಲಿಯುವಾಗ. ಅಂದರೆ ಮೇಲ್ಬಟ್ಟೆ, ನಡುವಿನ ಹತ್ತಿ ಪದರ, ಅಡಿಬಟ್ಟೆ ಮೂರನ್ನೂ ಸೇರಿಸಿ ಕೈಯಲ್ಲಿ ರನ್ನಿಂಗ್ ಹೊಲಿಗೆ ಹಾಕುವಾಗ. ಬರೀ ಬಟ್ಟೆ ಇದ್ದಲ್ಲಿ ಸೂಜಿ ಒಂದೇ ಸಲಕ್ಕೆ ನಾಲ್ಕು ಹೊಲಿಗೆ ಎತ್ತುತ್ತದೆ. ಅಂಟಿದ ಆನೆಯ ಮೇಲೆ ಬಂದ ಕೂಡಲೇ ಗಕ್ಕನೆ ನಿಲ್ಲುತ್ತದೆ. ಬೆರಳಿಗೆ ತೊಡುವ ಅಂಗುಸ್ತಾನದಿಂದ ಒತ್ತಿದರೆ ಕೀಂಯ್ ಅನ್ನುತ್ತಾ ಒಳಗೆ ಹೋಗುತ್ತದೆ, ಹೊರಗೆ ಬರುವಾಗ ಮೈಗೆಲ್ಲ ಅಂಟು ಮೆತ್ತಿಕೊಂಡಿರುತ್ತದೆ. ಒರೆಸು, ಮತ್ತೆ ಚುಚ್ಚು, ಮತ್ತೆ ಒರೆಸು. ಹೂವಿನ ಮೇಲೆ ಎಲೆ ಕೂತ ಜಾಗದಲ್ಲಂತೂ ಎರಡು ಪದರ ಅಂಟು. ಅಲ್ಲಿ ಸೂಜಿಯೇ ಬಾಗಿತು. ದಾರ ಉಜ್ಜಿ ಉಜ್ಜಿ ಜುಂಗಾಗಿ ಹರಿಯಿತು.

ಇಷ್ಟೆಲ್ಲ ಮಾಡಿದ ಮೇಲೆ ಅದು ಮೈಗೆ ಮೆತ್ತಗಾದರೂ ಇರಬೇಕಲ್ಲ? ಆನೆ ಇದ್ದ ಜಾಗ ರಟ್ಟಿನ ಹಾಗೆ ಬಿರುಸು. ನಮ್ಮತ್ತೆ ಮುಟ್ಟಿ ನೋಡಿ, "ಇದನ್ನ ಹೊಚಗೋಬೇಕೇನವಾ, ಗ್ವಾಡಿಗೆ ಬಡೀಬೇಕೇನು?" ಅಂದರು. ಹಳೇ ಸೀರೆ, ಧೋತರದ ಕೌದಿ ಹೊದ್ದು ಬೆಳೆದವರು, ಅವರ ಬೆರಳಿಗೆ ಸುಳ್ಳು ಹೇಳುವುದು ಕಷ್ಟ.

ಇದಕ್ಕೆ ಮದ್ದು ಇಲ್ಲವೆಂದಲ್ಲ. ತೆಳು ಜಾತಿಯ ಹಾಳೆ ತಗೊಳ್ಳಬಹುದು. ಹಾಳೆಯ ನಡುಭಾಗ ಕತ್ತರಿಸಿ ತೆಗೆದು, ಅಂಚಿನ ಒಳಗೆ ಕಾಲು ಇಂಚಿನ ಪಟ್ಟಿ ಮಾತ್ರ ಉಳಿಸಿಕೊಂಡರೆ ಬಿರುಸು ಬಹಳ ತಗ್ಗುತ್ತದೆ. ಆದರೆ ಅಷ್ಟು ಕತ್ತರಿಸುವ ಹೊತ್ತಿಗೆ ನಾನು ಒಂದು ಎಲೆಯನ್ನೇ ಹೊಲಿದು ಮುಗಿಸುತ್ತೇನೆ. ಮಷಿನ್‌ನಲ್ಲಿ ಹೊಲಿಯುವವರಿಗೆ, ಗೋಡೆಗೆ ತೂಗುಹಾಕುವವರಿಗೆ ಈ ಮಾತು ಲಾಗೂ ಇಲ್ಲ. ಅವರಿಗೆ ಅಂಟೇ ಒಳ್ಳೆಯದು.

ಫ್ರೀಜರ್ ಪೇಪರ್ ಬಗ್ಗೆ ಸಿಟ್ಟಿಲ್ಲ. ಅಮೆರಿಕದ ಅಡುಗೆಮನೆಯಲ್ಲಿ ಮಾಂಸ ಸುತ್ತಿಡುವ ಕಾಗದ ಅದು. ಒಂದು ಮೈಗೆ ತೆಳ್ಳನೆಯ ಪ್ಲಾಸ್ಟಿಕ್ ಲೇಪ. ಆ ಹೊಳಪಿನ ಮೈಯನ್ನು ಬಟ್ಟೆಗೆ ತಾಗಿಸಿ ಒಣ ಇಸ್ತ್ರಿ ಒತ್ತಿದರೆ ಹಿಡಿದುಕೊಳ್ಳುತ್ತದೆ, ಎಳೆದರೆ ಕಲೆಯಿಲ್ಲದೆ ಬಿಡುತ್ತದೆ. ಒಂದೇ ತುಂಡನ್ನು ಹಲವು ಸಲ ಬಳಸಬಹುದು. ಕೇಕ್ ಸಾಮಾನಿನ ಅಂಗಡಿಯ ಬೇಕಿಂಗ್ ಪೇಪರ್ ಇದರ ಬದಲಿಗೆ ನಡೆಯುವುದಿಲ್ಲ. ಅದು ಅಂಟದಿರಲೆಂದೇ ಮಾಡಿದ್ದು. ಕಾಗದವನ್ನು ಬಟ್ಟೆಯ ಒಳಗಿಟ್ಟು ಹೊಲಿದರೆ ಕೊನೆಗೆ ಹಿಂದಿನ ಬಟ್ಟೆ ಸೀಳಿ ಕಾಗದ ಎಳೆಯಬೇಕು, ಆ ಕೆಲಸ ನನಗೆ ಆಗಿಬರುವುದಿಲ್ಲ. ಬಟ್ಟೆಯ ಮೇಲ್ಮೈಗೆ ಅಂಟಿಸಿ, ಅದರ ಅಂಚನ್ನೇ ಗೆರೆ ಎಂದುಕೊಂಡು ಮಡಿಚಿ ಹೊಲಿದರೆ ಸೀಳುವುದೂ ಬೇಡ, ಚಿತ್ರ ಉಲ್ಟಾ ಬರೆಯುವುದೂ ಬೇಡ. ಒಂದೇ ಅಳತೆಯ ಎಸಳು ರಾಶಿಗಟ್ಟಲೆ ಬೇಕಾದಾಗ ಇದನ್ನು ಮೀರಿಸಿದ್ದಿಲ್ಲ.

ಗುಂಡನೆಯ ಬೊಟ್ಟುಗಳಿಗೆ ಮಾತ್ರ ಇದಾವುದೂ ಬೇಡ. ಹಳೇ ಲಗ್ನಪತ್ರಿಕೆಯ ರಟ್ಟಿನಲ್ಲಿ ವೃತ್ತ ಕತ್ತರಿಸಿ, ಬಟ್ಟೆಯ ಸುತ್ತ ದಾರ ಓಡಿಸಿ ರಟ್ಟಿನ ಮೇಲೆ ಬಿಗಿದು, ಅಂಚಿಗೆ ಗಂಜಿ ಸವರಿ ಇಸ್ತ್ರಿ ಮಾಡಿ ರಟ್ಟು ತೆಗೆದರೆ ಸಾಕು.

ಇನ್ನು ಸೂಜಿ. ಚಿತ್ರವನ್ನು ಬಟ್ಟೆಯ ಮೇಲ್ಮೈಗೇ ಚಾಕ್‌ನಿಂದ ಬರೆಯಿರಿ. ಸುತ್ತ ಕಾಲು ಇಂಚಿಗಿಂತ ಚೂರು ಕಡಿಮೆ, ಸುಮಾರು 5 ಮಿ.ಮೀ. ಮಾರ್ಜಿನ್ ಬಿಟ್ಟು ಕತ್ತರಿಸಿ. ನೆಲದ ಬಟ್ಟೆಗೆ ಕಚ್ಚಾ ಹೊಲಿಗೆ ಹಾಕಿ ನಿಲ್ಲಿಸಿ; ಗುಂಡುಪಿನ್ ಚುಚ್ಚಿದರೆ ದಾರ ಅದಕ್ಕೇ ಸಿಕ್ಕಿಕೊಳ್ಳುತ್ತಿರುತ್ತದೆ. ಚೂಪು ತುದಿಯಿಂದ ಶುರು ಮಾಡಬೇಡಿ, ನಯವಾದ ಬಳುಕಿನ ಮೇಲೆ ಶುರು ಮಾಡಿ. ಮುಂದಿನ ಅರ್ಧ ಇಂಚನ್ನು ಮಾತ್ರ ಸೂಜಿಯ ಮೊನೆಯಿಂದ ಒಳಗೆ ಸವರಿ, ಎಡಗೈ ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಮಡಿಕೆಯ ಅಂಚಿನ ಎರಡೇ ಎಳೆ ಕಚ್ಚಿ ಸೂಜಿಯನ್ನು ನೇರ ಕೆಳಗಿಳಿಸಿ. ಸೀರೆ ಫಾಲ್ ಹಚ್ಚಿ ಗೊತ್ತಿದ್ದವರಿಗೆ ಈ ಹೆಮ್ಮಿಂಗ್ ಹೊಸದೇನಲ್ಲ.

ಎಲೆಯ ತುದಿಯಲ್ಲಿ ಎರಡು ಹೊಲಿಗೆ ಗಟ್ಟಿಯಾಗಿ ಹಾಕಿ, ಒಳಗೆ ಗುಡ್ಡೆಯಾಗುವ ಹೆಚ್ಚಿನ ಬಟ್ಟೆ ಕತ್ತರಿಸಿ, ಆಮೇಲೆ ಇನ್ನೊಂದು ಮಗ್ಗುಲನ್ನು ಒಳಗೆ ತಳ್ಳಬೇಕು. ಸೂಜಿಗೆ ಜಗ್ಗದಿದ್ದರೆ ಹಲ್ಲುಕಡ್ಡಿಯ ತುದಿ ಒದ್ದೆ ಮಾಡಿ ತಳ್ಳಿ. ಒದ್ದೆ ಕಟ್ಟಿಗೆ ಬಟ್ಟೆಯನ್ನು ಹಿಡಿಯುತ್ತದೆ, ಉಕ್ಕು ಜಾರುತ್ತದೆ. ಒಳಬಾಗಿದ ಕಡೆ ಗೆರೆಗೆ ಎರಡು ಎಳೆ ಉಳಿಯುವಷ್ಟು ಕತ್ತರಿಯಿಂದ ಕಚ್ಚು ಹಾಕಿ, ಅದೂ ಹೊಲಿಗೆ ಅಲ್ಲಿಗೆ ತಲುಪಿದ ಮೇಲೆ. ಮೊದಲೇ ಹಾಕಿಟ್ಟರೆ ಅಷ್ಟರೊಳಗೆ ಬಟ್ಟೆ ಎಳೆ ಬಿಟ್ಟಿರುತ್ತದೆ.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಜನಾಂಗದ ಹೆಣ್ಣುಮಕ್ಕಳ ಕವಂದಿ, ಅಂದರೆ ಅವರ ಕೌದಿ, ನೋಡಿದ್ದೀರಾ? ಗೆರೆಯಿಲ್ಲ, ಕಾಗದವಿಲ್ಲ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಒಳಗೆ ಬರುತ್ತಾರೆ. ತುಂಡಿನ ಅಂಚನ್ನು ಬೆರಳಲ್ಲೇ ಮಡಿಚಿ, ಎಲ್ಲ ಪದರವೂ ಸೇರುವ ಹಾಗೆ ಒಂದೇ ರನ್ನಿಂಗ್ ಹೊಲಿಗೆ. ಅಪ್ಲಿಕ್ಕೂ ಅದೇ, ಕೌದಿಯೂ ಅದೇ. ಅದನ್ನು ನೋಡಿದ ಮೇಲೆ ಅಂಚು ಮಡಿಚಲು ಇಷ್ಟೊಂದು ಸಲಕರಣೆ ಯಾಕೆ ಮಾರುತ್ತಾರೆ ಅನ್ನಿಸಿತು.

ಖರ್ಚಿಗೆ ಬಂದರೆ, ಸೂಜಿಗೆ ಬೇಕಾದದ್ದು 10ನೇ ನಂಬರಿನ ಸೂಜಿಯ ಪಾಕೀಟು, ತೆಳು ಕಾಟನ್ ದಾರ, ಮೊನೆ ಚೂಪಿರುವ ಕತ್ತರಿ. ನಂಬರ್ ಏರಿದಷ್ಟೂ ಸೂಜಿ ಸಣ್ಣ ಅನ್ನುವುದು ನೆನಪಿರಲಿ. ದಾರದ ಬಣ್ಣ ಮೇಲಿನ ತುಂಡಿಗೆ ಹೊಂದಬೇಕು, ನೆಲದ ಬಟ್ಟೆಗಲ್ಲ. ನಾನು ಹೊಲಿಯುವುದು ಕುಕ್ಕರ್ ಸೀಟಿಗೆ ಕಾಯುವಾಗ, ಬಸ್ಸಿನಲ್ಲಿ, ಮಗಳ ಟ್ಯೂಷನ್ ಮುಗಿಯುವವರೆಗೆ ಹೊರಗಿನ ಕಟ್ಟೆಯ ಮೇಲೆ. ಅಲ್ಲೆಲ್ಲ ಇಸ್ತ್ರಿಪೆಟ್ಟಿಗೆ ಹೊತ್ತು ತಿರುಗಲು ಆಗುವುದಿಲ್ಲ. ದಿನಕ್ಕೆ ಎರಡು ತಾಸು ಒಂದೇ ಕಡೆ ಮೇಜಿನ ಮುಂದೆ ಕೂರಬಲ್ಲವರ ಲೆಕ್ಕ ಬೇರೆ ಇರಬಹುದು.

ಒಂದೇ ಒಂದು ಕಡೆ ನಾನೂ ಅಂಟಿಗೆ ಮೊರೆಹೋಗುತ್ತೇನೆ: ಗುಳೇದಗುಡ್ಡದ ಖಣ, ಅಂದರೆ ರವಿಕೆಯ ಬಟ್ಟೆ. ಕತ್ತರಿ ತಾಗಿದ್ದೇ ತಡ ಎಳೆ ಬಿಚ್ಚಿಕೊಳ್ಳುತ್ತದೆ, 5 ಮಿ.ಮೀ. ಮಾರ್ಜಿನ್ ಮಡಿಚುವುದರೊಳಗೆ ಮಾಯ. ಅದಕ್ಕೆ ಅಂಚಿನ ಪಟ್ಟಿಗಷ್ಟೇ ಅಂಟು ಕೊಟ್ಟು, ಕಾವು ಕಡಿಮೆ ಇಟ್ಟು, ಮೇಲೊಂದು ಹತ್ತಿ ಬಟ್ಟೆ ಹಾಸಿ ಒತ್ತುತ್ತೇನೆ.