ಲೋಕಸಭೆಗೆ ಮೊದಲ ಸಲ ನಿಲ್ಲುವ ಪಕ್ಷೇತರರಿಗೆ ಚುನಾವಣಾ ಆಯೋಗದ ಸೇವೆ ಹೇಗಿದೆ? ತುಮಕೂರು ಕ್ಷೇತ್ರ ಮುಂದಿಟ್ಟುಕೊಂಡು ಒಂದು ವಿಮರ್ಶೆ

ಅಂಕ ಮೊದಲೇ ಹೇಳಿಬಿಡುತ್ತೇವೆ. ನಾಮಪತ್ರದ ಹಂತಕ್ಕೆ 5ಕ್ಕೆ 4, ಪ್ರಚಾರದ ಅನುಮತಿಗೆ 3, ಸೋತ ನಂತರದ ಸೇವೆಗೆ 2. 2024ರಲ್ಲಿ ಕೋಲಾರದಲ್ಲಿ ಕೆ.ವಿ. ಗೌತಮ್, ಚಿಕ್ಕಬಳ್ಳಾಪುರದಲ್ಲಿ ರಕ್ಷಾ ರಾಮಯ್ಯ ಮೊದಲ ಸಲ ಲೋಕಸಭೆಗೆ ನಿಂತು ಸೋತರು. ಅಂಥವರ ಬೆನ್ನಿಗೆ ಪಕ್ಷ ಇರುತ್ತದೆ. ಪಕ್ಷೇತರರಿಗೆ ಇರುವುದು ಅಭ್ಯರ್ಥಿಗಳಿಗಾಗಿ ಆಯೋಗ ನಡೆಸುವ ಸುವಿಧಾ ಎಂಬ ಪೋರ್ಟಲ್, ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೂರುವ ಚುನಾವಣಾಧಿಕಾರಿ ಮತ್ತು ಆಯೋಗದ ಕೈಪಿಡಿ, ಇಷ್ಟೇ. ಆದ್ದರಿಂದ ಈ ಸೇವೆಯನ್ನು ಅವರ ಕಡೆಯಿಂದಲೇ ನೋಡಬೇಕು.

ನಾಮಪತ್ರದಿಂದ ಶುರುಮಾಡೋಣ. ಸುವಿಧಾದಲ್ಲಿ ಮೊಬೈಲ್ ನಂಬರಿಗೆ ಬರುವ ಓಟಿಪಿ ಹಾಕಿ ಖಾತೆ ತೆರೆದು ನಾಮಪತ್ರದ ನಮೂನೆ 2ಎ ಮತ್ತು ಅಫಿಡವಿಟ್ಟಿನ ನಮೂನೆ 26 ಎರಡನ್ನೂ ತುಂಬಬಹುದು, ಠೇವಣಿಯನ್ನೂ ಕಟ್ಟಬಹುದು. ಕೈಬರಹದ ಗೋಜಲು ತಪ್ಪುತ್ತದೆ ಎಂಬುದು ದೊಡ್ಡ ಅನುಕೂಲ. ಆದರೆ ಆನ್‌ಲೈನಿನಲ್ಲಿ ತುಂಬಿದ ಮಾತ್ರಕ್ಕೆ ನಾಮಪತ್ರ ಸಲ್ಲಿಕೆಯಾದಂತಲ್ಲ. ಪ್ರಿಂಟ್ ತೆಗೆದು, ಸಹಿ ಹಾಕಿ, ಅಫಿಡವಿಟ್ಟಿಗೆ ನೋಟರಿ ಮಾಡಿಸಿ, ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರೊಳಗೆ ಕಚೇರಿಗೆ ಒಯ್ದು ಕೊಡಲೇಬೇಕು. ಅಭ್ಯರ್ಥಿ ಸೇರಿ ಐದು ಜನರಿಗಷ್ಟೇ ಒಳಗೆ ಪ್ರವೇಶ. ಒಬ್ಬರು ನಾಲ್ಕು ನಾಮಪತ್ರದವರೆಗೆ ಕೊಡಬಹುದು. ಎರಡಾದರೂ ಕೊಡಿ, ಸೂಚಕರು, ಅಂದರೆ ನಿಮ್ಮ ಹೆಸರು ಸೂಚಿಸಿ ಸಹಿ ಹಾಕುವ ಮತದಾರರು, ಬೇರೆ ಬೇರೆ ಇರಲಿ. ಒಂದರಲ್ಲಿ ತಪ್ಪಾದರೆ ಇನ್ನೊಂದು ಉಳಿಯುತ್ತದೆ.

ಹೊಸಬರು ಎಡವುವುದು ಸೂಚಕರ ವಿಷಯದಲ್ಲಿ. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಹತ್ತು ಜನ ಬೇಕು. ಹತ್ತೂ ಜನ ಅದೇ ಲೋಕಸಭಾ ಕ್ಷೇತ್ರದ ಮತದಾರರಾಗಿರಬೇಕು. ಜಿಲ್ಲೆ ಮತ್ತು ಕ್ಷೇತ್ರ ಒಂದೇ ಅಲ್ಲ ಎಂಬುದು ನಮ್ಮ ಕಡೆ ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ. ತುಮಕೂರು ಜಿಲ್ಲೆಯ ಶಿರಾ ಮತ್ತು ಪಾವಗಡ ಚಿತ್ರದುರ್ಗ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ, ಕುಣಿಗಲ್ ಬೆಂಗಳೂರು ಗ್ರಾಮಾಂತರಕ್ಕೆ ಸೇರಿದೆ. ಶಿರಾದ ಸ್ನೇಹಿತರ ಸಹಿ ಹಾಕಿಸಿದರೆ ಆ ಸಹಿ ಲೆಕ್ಕಕ್ಕೆ ಬರುವುದಿಲ್ಲ, ಒಂಬತ್ತೇ ಸೂಚಕರಾಗಿ ನಾಮಪತ್ರ ಬಿದ್ದುಹೋಗುತ್ತದೆ. ತುಮಕೂರು ಕ್ಷೇತ್ರ ಎಂದರೆ ತುಮಕೂರು ನಗರ, ತುಮಕೂರು ಗ್ರಾಮಾಂತರ, ಗುಬ್ಬಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಕೊರಟಗೆರೆ, ಮಧುಗಿರಿ, ಒಟ್ಟು ಎಂಟು. ಪಕ್ಕದಲ್ಲೂ ಇದೇ ಕಥೆ. ಚಿಂತಾಮಣಿ, ಶಿಡ್ಲಘಟ್ಟ ಇರುವುದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ಮತ ಹಾಕುವುದು ಕೋಲಾರ ಕ್ಷೇತ್ರಕ್ಕೆ. ಸೂಚಕರ ಭಾಗ ಸಂಖ್ಯೆ, ಕ್ರಮ ಸಂಖ್ಯೆಗಳನ್ನು ಹಳೆಯ ಮತದಾರರ ಪಟ್ಟಿಯಿಂದ ಬರೆದುಕೊಳ್ಳಬೇಡಿ, ಪರಿಷ್ಕೃತ ಪಟ್ಟಿಯಲ್ಲಿ ಅವು ಬದಲಾಗಿರುತ್ತವೆ.

ನಮೂನೆ 26ರಲ್ಲಿ ಒಂದು ಕಾಲಮ್ಮನ್ನೂ ಖಾಲಿ ಬಿಡುವಂತಿಲ್ಲ. ಸಾಲ ಇಲ್ಲದಿದ್ದರೆ 'ಇಲ್ಲ' ಎಂದು, ವಿಷಯ ನಿಮಗೆ ಸಂಬಂಧಪಡದಿದ್ದರೆ 'ಅನ್ವಯಿಸುವುದಿಲ್ಲ' ಎಂದು ಬರೆಯಿರಿ. ಖಾಲಿ ಬಿಟ್ಟರೆ ಅಧಿಕಾರಿ ನೋಟಿಸ್ ಕೊಡುತ್ತಾರೆ, ಆಮೇಲೂ ತುಂಬದಿದ್ದರೆ ತಿರಸ್ಕರಿಸಬಹುದು. 2013ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಫೋಟೋ 2 ಸೆಂ.ಮೀ. ಅಗಲ, 2.5 ಸೆಂ.ಮೀ. ಎತ್ತರ, ಬಿಳಿ ಹಿನ್ನೆಲೆ, ಮೂರು ತಿಂಗಳ ಒಳಗೆ ತೆಗೆಸಿದ್ದು. ಇನ್ನು ಪ್ರಮಾಣ ವಚನ. ನಾಮಪತ್ರ ಕೊಟ್ಟ ಮೇಲೆ, ನಾಮಪತ್ರಗಳ ಪರಿಶೀಲನೆಯ ಹಿಂದಿನ ದಿನ ಮುಗಿಯುವುದರೊಳಗೆ, ಅಧಿಕಾರಿಯ ಮುಂದೆ ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕು. ಕಾಗದವೆಲ್ಲ ಸರಿಯಿದ್ದರೂ ಇದೊಂದು ಮರೆತರೆ ಅಷ್ಟೂ ವ್ಯರ್ಥ. ನಾಮಪತ್ರ ಕೊಟ್ಟ ಗಳಿಗೆಯಲ್ಲೇ ಮುಗಿಸಿಕೊಳ್ಳುವುದು ಕ್ಷೇಮ. ಅಧಿಕಾರಿ ಕೊಡುವ ಚೆಕ್‌ಲಿಸ್ಟಿನಲ್ಲಿ ಯಾವ ದಾಖಲೆ ಬಾಕಿ ಎಂದು ಬರೆದಿರುತ್ತದೆ. ಈ ಸೇವೆಯ ಅತ್ಯುತ್ತಮ ಭಾಗ ಅದು, ನಾವು 4 ಅಂಕ ಕೊಟ್ಟಿದ್ದೂ ಅದಕ್ಕೇ.

ಠೇವಣಿ 25,000 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ 12,500. ಕೋಲಾರ ಮೀಸಲು ಕ್ಷೇತ್ರವಾದ್ದರಿಂದ ಅಲ್ಲಿ ಎಲ್ಲರಿಗೂ ಇದೇ ದರ, ಜಾತಿ ಪ್ರಮಾಣಪತ್ರ ಜೊತೆಗಿರಬೇಕು.

ಪ್ರಚಾರಕ್ಕೆ ಸಿಗುವ ದಿನಗಳು ತೀರಾ ಕಡಿಮೆ. 2024ರ ವೇಳಾಪಟ್ಟಿಯನ್ನೇ ನೋಡಿ. ನಾಮಪತ್ರ ವಾಪಸಿಗೆ ಏಪ್ರಿಲ್ 8 ಕಡೆಯ ದಿನ, ಪಕ್ಷೇತರರಿಗೆ ಚಿಹ್ನೆ ಹಂಚಿಕೆಯಾಗುವುದು ಅದಾದ ಮೇಲೆಯೇ. ಮರುದಿನ ಯುಗಾದಿ. 26ಕ್ಕೆ ಮತದಾನ, 24ರ ಸಂಜೆಗೆ ಬಹಿರಂಗ ಪ್ರಚಾರ ಬಂದ್. ಅಂದರೆ ಚಿಹ್ನೆ ಮುದ್ರಿಸಿ ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಮುಟ್ಟಿಸಲು ಎರಡು ವಾರ ಚಿಲ್ಲರೆ. ಪಕ್ಷದ ಚಿಹ್ನೆ ಜನರಿಗೆ ದಶಕಗಳಿಂದ ಗೊತ್ತಿರುತ್ತದೆ, ಪಕ್ಷೇತರರ ಚಿಹ್ನೆ ಯಾವುದೆಂದು ಹಂಚಿಕೆಯಾಗುವವರೆಗೆ ಅವರಿಗೇ ಖಾತ್ರಿ ಇರುವುದಿಲ್ಲ. ಇದು ನಿಜವಾದ ಅನ್ಯಾಯ. ನಾಮಪತ್ರದಲ್ಲಿ ಬರೆಯುವ ಮೂರು ಆಯ್ಕೆಗಳನ್ನು ದೂರದಿಂದ ನೋಡಿದರೂ ಗುರುತು ಹತ್ತುವ ವಸ್ತುಗಳಿಂದಲೇ ಆರಿಸಿ. ಕರಪತ್ರದ ವಿನ್ಯಾಸವನ್ನು ಚಿಹ್ನೆಯ ಜಾಗವಷ್ಟೇ ಖಾಲಿ ಬಿಟ್ಟು ಮೊದಲೇ ಸಿದ್ಧಪಡಿಸಿ. ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇಲ್ಲದ ಕರಪತ್ರ ಮುದ್ರಿಸುವುದು, ಪ್ರಕಟಿಸುವುದು ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಪ್ರಕಾರ ಅಪರಾಧ.

ಸಭೆ, ವಾಹನ, ಮೈಕ್ ಅನುಮತಿಗಳಿಗೂ ಸುವಿಧಾದಲ್ಲೇ ಅರ್ಜಿ ಹಾಕಬಹುದು, 48 ಗಂಟೆ ಮುಂಚೆ ಹಾಕುವುದು ಒಳ್ಳೆಯದು. ಮೊದಲು ಬಂದವರಿಗೆ ಮೊದಲ ಆದ್ಯತೆ ಎಂಬ ನಿಯಮ ಪಕ್ಷೇತರರಿಗೆ ಸಿಗುವ ಅಪರೂಪದ ಸಮಾನತೆ, ಬಳಸಿಕೊಳ್ಳಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕ್ ಇಲ್ಲ. ಮತದಾರರ ಪಟ್ಟಿಯನ್ನು ಮಾನ್ಯತೆ ಪಡೆದ ಪಕ್ಷಗಳ ಅಭ್ಯರ್ಥಿಗಳಿಗೆ ಉಚಿತವಾಗಿ ಕೊಡುತ್ತಾರೆ, ಪಕ್ಷೇತರರು ದುಡ್ಡು ಕೊಟ್ಟು ಪಡೆಯಬೇಕು. ಅಂಕ ಕಡಿಮೆಯಾಗಲು ಇದೂ ಒಂದು ಕಾರಣ.

ಮತದಾನದ ದಿನ ಎಲ್ಲ ಮತಗಟ್ಟೆಗೂ ಏಜೆಂಟರನ್ನು ಕೂರಿಸುವುದು ಪಕ್ಷೇತರರಿಗೆ ಆಗದ ಮಾತು. ಆದರೆ ಬಲ ಇರುವ ಊರುಗಳಲ್ಲಾದರೂ ಕೂರಿಸಿ. ಮತದಾನ ಮುಗಿದಾಗ ಚಲಾವಣೆಯಾದ ಮತಗಳ ಲೆಕ್ಕವಿರುವ ನಮೂನೆ 17ಸಿ ಪ್ರತಿ ಅಲ್ಲಿರುವ ಏಜೆಂಟರ ಕೈಗೆ ಬರುತ್ತದೆ. ಅದು ಇಲ್ಲದಿದ್ದರೆ ಎಣಿಕೆಯ ದಿನ ತಾಳೆ ನೋಡಲು ಏನೂ ಇರುವುದಿಲ್ಲ.

ಫಲಿತಾಂಶದ ಬಳಿಕ ಮೊದಲ ಪ್ರಶ್ನೆ ಠೇವಣಿಯದು. ಸಿಂಧುವಾದ ಒಟ್ಟು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಂದರೆ ಮಾತ್ರ ವಾಪಸು. 12 ಲಕ್ಷ ಸಿಂಧು ಮತಗಳಿದ್ದರೆ 2 ಲಕ್ಷ ದಾಟಬೇಕು. ನೋಟಾ ಮತಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಬಹುಪಾಲು ಪಕ್ಷೇತರರಿಗೆ ಈ ಹಣ ಹೋಯಿತೆಂದೇ ಇಟ್ಟುಕೊಳ್ಳಿ.

ಹೋದರೆ ಹೋಗಲಿ, ಅದು 25 ಸಾವಿರ. ಸೋತವರಿಗೆ ಭಾರಿ ಪೆಟ್ಟು ಬೀಳುವುದು ವೆಚ್ಚದ ಲೆಕ್ಕದಲ್ಲಿ. ಫಲಿತಾಂಶ ಬಂದ 30 ದಿನಗಳೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಒಪ್ಪಿಸಬೇಕು. ಖರ್ಚು ಶೂನ್ಯವಾದರೂ ಒಪ್ಪಿಸಲೇಬೇಕು. ತಪ್ಪಿದರೆ ಅದೇ ಕಾಯ್ದೆಯ 10ಎ ಪ್ರಕಾರ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು, ಆಗ ವಿಧಾನಸಭೆಗೂ ನಿಲ್ಲುವಂತಿಲ್ಲ. 95 ಲಕ್ಷದ ವೆಚ್ಚದ ಮಿತಿ ದಾಟುವ ಭಯ ಪಕ್ಷೇತರರಿಗೆ ಇಲ್ಲ, ಕಾಡುವುದು ಬರೆಯದೆ ಬಿಟ್ಟ ಪುಸ್ತಕ. ನಾಮಪತ್ರದ ಹಿಂದಿನ ದಿನವಾದರೂ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ, ಅಂಚೆ ಕಚೇರಿಯಲ್ಲೂ ಆದೀತು. ಒಬ್ಬರಿಗೆ ಇಡೀ ಚುನಾವಣೆಯಲ್ಲಿ 10,000 ರೂಪಾಯಿ ಮೀರಿ ನಗದು ಕೊಡುವಂತಿಲ್ಲ. ಅಧಿಕಾರಿ ಕೊಟ್ಟಿರುವ ಖರ್ಚಿನ ವಹಿಯಲ್ಲಿ ಬಿಳಿ ಹಾಳೆ ದಿನದ ಖರ್ಚಿಗೆ, ಗುಲಾಬಿ ನಗದಿಗೆ, ಹಳದಿ ಬ್ಯಾಂಕಿಗೆ. ಪ್ರಚಾರದ ಅವಧಿಯಲ್ಲಿ ಮೂರು ಸಲ ತಪಾಸಣೆಗೆ ಒಯ್ಯಬೇಕು. ಅಧಿಕಾರಿಗಳು ಅಭ್ಯರ್ಥಿಯ ಖರ್ಚನ್ನು ತಾವೇ ಬರೆದಿಡುವ ಶ್ಯಾಡೋ ರಿಜಿಸ್ಟರಿನಲ್ಲಿ ಕುರ್ಚಿ, ಶಾಮಿಯಾನ, ಊಟಕ್ಕೆ ಜಿಲ್ಲೆಯ ದರಪಟ್ಟಿಯಂತೆ ಬೆಲೆ ಕಟ್ಟಿರುತ್ತಾರೆ. ಗೆಳೆಯರು ಪುಕ್ಕಟೆ ಕೊಟ್ಟ ಕಾರಿಗೂ ಬಾಡಿಗೆ ಕಟ್ಟಿ ತೋರಿಸಬೇಕು. ನಿಮ್ಮ ವಹಿಗೂ ಅವರ ರಿಜಿಸ್ಟರಿಗೂ ವ್ಯತ್ಯಾಸ ಬಂದರೆ ಫಲಿತಾಂಶದ 26ನೇ ದಿನದ ಹೊಂದಾಣಿಕೆ ಸಭೆಯಲ್ಲಿ ಸರಿಪಡಿಸಿಕೊಳ್ಳಬಹುದು. ಸೋತವರು ಬೇಸರದಿಂದ ಆ ಸಭೆಗೇ ಹೋಗುವುದಿಲ್ಲ, ಎಡವಟ್ಟಾಗುವುದೇ ಅಲ್ಲಿ.

ನಾಮಪತ್ರಕ್ಕೆ ಅಷ್ಟು ಅಚ್ಚುಕಟ್ಟಾದ ಚೆಕ್‌ಲಿಸ್ಟ್ ಕೊಡುವ ವ್ಯವಸ್ಥೆ ಲೆಕ್ಕಕ್ಕೂ ಅಂಥದ್ದೇ ಒಂದು ಪುಟವನ್ನು ಸರಳ ಕನ್ನಡದಲ್ಲಿ ಎಣಿಕೆ ಕೇಂದ್ರದಲ್ಲೇ ಪ್ರತಿ ಅಭ್ಯರ್ಥಿಯ ಕೈಗಿಟ್ಟರೆ ನಾವು ಕೊಟ್ಟ 2 ಅಂಕ ಅಲ್ಲಿಗೇ 4 ಆಗುತ್ತದೆ. ಅಲ್ಲಿಯವರೆಗೆ ವಹಿ, ಬಿಲ್ಲುಗಳು, ಬ್ಯಾಂಕ್ ಸ್ಟೇಟ್‌ಮೆಂಟ್, ಸಾರಾಂಶ ಪಟ್ಟಿ, ಅಫಿಡವಿಟ್ ಐದನ್ನೂ ಜೋಡಿಸಿ ನೀವೇ ಒಯ್ದು ಕೊಡಿ, ದಿನಾಂಕ ಇರುವ ಸ್ವೀಕೃತಿ ಪಡೆದುಕೊಂಡೇ ಬನ್ನಿ.