ಮೂರು ಇನ್‌ಟೇಕ್ ಹಾಕಿ ನೋಡಿದೆ, ಕಾರಿನಲ್ಲಿ ಉಳಿದದ್ದು ನಾನೇ ಮಾಡಿದ ಡಬ್ಬಿ

ಈಗ ನನ್ನ ಕಾರಿನ ಬಾನೆಟ್ ಎತ್ತಿದರೆ ಕಾಣುವುದು ಅಲ್ಯೂಮಿನಿಯಂ ಶೀಟ್ ಬಗ್ಗಿಸಿ ನಾನೇ ಮಾಡಿದ ಡಬ್ಬಿ. ಅದೇ ನನ್ನ ಇನ್‌ಟೇಕ್, ಅಂದರೆ ಎಂಜಿನ್‌ಗೆ ಗಾಳಿ ಸೋಸಿ ಕಳಿಸುವ ಭಾಗ. ಅದಕ್ಕೂ ಮೊದಲು ಎರಡು ಇನ್‌ಟೇಕ್ ದುಡ್ಡು ಕೊಟ್ಟು ತಂದಿದ್ದೆ. ಒಂದು, ಗಿಡ್ಡ ಪೈಪಿನ ತುದಿಗೆ ಬರೀ ಕೋನ್ ಫಿಲ್ಟರ್ ಇರುವಂಥದ್ದು. ಇನ್ನೊಂದು, ಫಿಲ್ಟರನ್ನು ಬಂಪರ್ ಹಿಂದಕ್ಕೆ ಇಳಿಸುವ ಉದ್ದ ಪೈಪಿನ ರೆಡಿಮೇಡ್ ಕಿಟ್. ಎರಡೂ ಈಗ ಗ್ಯಾರೇಜಿನ ಮೂಲೆ ಸೇರಿವೆ. ಕಾರು ಎರಡು ಸೀಟಿನದು, ಟರ್ಬೊ ಇಲ್ಲದ 2 ಲೀಟರ್ ಎಂಜಿನ್.

ಕೋನ್ ಫಿಲ್ಟರ್ ಹಾಕಲು ಅರ್ಧ ಗಂಟೆ ಸಾಕು. ಸದ್ದು ಮೂರರಲ್ಲಿ ಇದರದ್ದೇ ಚೆಂದ. ಆದರೆ ಅದು ಎಳೆದುಕೊಳ್ಳುವುದು ರೇಡಿಯೇಟರ್ ದಾಟಿ ಬಂದ ಬಿಸಿ ಗಾಳಿಯನ್ನು. ಹೊರಗೆ 30 ಡಿಗ್ರಿ ಇದ್ದ ದಿನ ಕಾರಿನ ಕಂಪ್ಯೂಟರ್‌ನ ಮಾಹಿತಿ ಓದುವ ಒಬಿಡಿ ರೀಡರ್ ಸಿಕ್ಕಿಸಿ ನೋಡಿದೆ. ಎಂಜಿನ್ ಆಫ್ ಮಾಡದೆ ಐದು ನಿಮಿಷ ನಿಂತರೆ ಒಳಗೆ ಹೋಗುವ ಗಾಳಿ 62 ಡಿಗ್ರಿ. ಅಷ್ಟೇ ಬಿಸಿಲಲ್ಲಿ, ಅಷ್ಟೇ ಹೊತ್ತು ನಿಂತಾಗ ನನ್ನ ಡಬ್ಬಿಯಲ್ಲಿ 46. ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ ಅಲ್ವಾ, ಈ 16 ಡಿಗ್ರಿ ವ್ಯತ್ಯಾಸಕ್ಕೆ ಎಂಜಿನ್‌ಗೆ ಸಿಗುವ ಗಾಳಿ ಸುಮಾರು ಶೇ 5ರಷ್ಟು ಕಮ್ಮಿ. ಮತ್ತೆ ಓಡಲು ಶುರುವಾದ ಮೇಲೂ ಕೋನ್ ತಣ್ಣಗಾಗಲು ನಾಲ್ಕು ನಿಮಿಷ ಬೇಕಾಯಿತು. ನನ್ನ ಡಬ್ಬಿಗೆ ಒಂದೇ ನಿಮಿಷ ಸಾಕಾಯಿತು.

ನನ್ನನ್ನು ನಿಜವಾಗಿ ಕಾಡಿದ್ದು ಕಿಟ್. ಪೈಪ್ ನೋಡಲು ಸೊಗಸಾಗಿತ್ತು, ವೆಲ್ಡಿಂಗ್ ನೀಟಾಗಿತ್ತು, ಬೋಲ್ಟ್‌ಗಳೆಲ್ಲ ಸರಿಯಾಗಿ ಕೂತವು. ಎರಡನೇ ದಿನ ಐಡಲ್‌ನಲ್ಲಿ, ಅಂದರೆ ಕಾರು ನಿಂತು ಎಂಜಿನ್ ಮಾತ್ರ ಓಡುವಾಗ, ಆರ್‌ಪಿಎಂ ಏರಿಳಿಯಲು ಶುರುವಾಯಿತು. ನಾಲ್ಕನೇ ದಿನ ಚೆಕ್ ಎಂಜಿನ್ ಲೈಟ್ ಹತ್ತಿಕೊಂಡಿತು. ಕೋಡ್ ಪಿ0171, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ ಎಂದು. ಎಲ್ಲೋ ಗಾಳಿ ಲೀಕ್ ಆಗುತ್ತಿದೆ ಅಂದುಕೊಂಡೆ. ಕ್ಲಾಂಪ್‌ಗಳನ್ನೆಲ್ಲ ಬಿಚ್ಚಿ ಮತ್ತೆ ಬಿಗಿ ಮಾಡಿದೆ. ಸಿಲಿಕೋನ್ ಕಪ್ಲರ್ ಬದಲಾಯಿಸಿದೆ. ಒಳಗೆ ಹೋಗುವ ಗಾಳಿ ಅಳೆಯುವ ಮಾಫ್ ಸೆನ್ಸರನ್ನು ಅದಕ್ಕೆಂದೇ ಇರುವ ಸ್ಪ್ರೇ ಹಾಕಿ ತೊಳೆದೆ. ಹೀಗೇ ಮೂರು ಭಾನುವಾರ ಹೋದವು. ಫ್ಯುಯೆಲ್ ಟ್ರಿಮ್ ಮಾತ್ರ ಶೇ 15ರಿಂದ 18ರ ನಡುವೆಯೇ ನಿಂತಿತ್ತು. ಅಂದರೆ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಅಷ್ಟು ಪೆಟ್ರೋಲ್ ಜಾಸ್ತಿ ಹಾಕುತ್ತಿತ್ತು.

ಕೊನೆಗೆ ವರ್ನಿಯರ್ ತೆಗೆದುಕೊಂಡು ಅಳೆದೆ. ಕಂಪನಿ ಕೊಟ್ಟ ಮಾಫ್ ಕೊಳವೆಯ, ಅಂದರೆ ಆ ಸೆನ್ಸರ್ ಕೂರುವ ಕೊಳವೆಯ, ಒಳ ಅಳತೆ 70 ಮಿಲಿಮೀಟರ್. ಕಿಟ್ ಪೈಪಿನದು 76. ಬರೀ 6 ಮಿಲಿಮೀಟರ್, ಅದರಲ್ಲೇನಿದೆ ಅನ್ನಿಸಬಹುದು. ಆದರೆ ಕೊಳವೆಯ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಅಲ್ಲಿಗೆ ಸುಮಾರು ಶೇ 18ರಷ್ಟು ಅಗಲ. ನನ್ನ ಎಂಜಿನ್ 7000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಹೆಚ್ಚುಕಡಿಮೆ 7000 ಲೀಟರ್ ಗಾಳಿ ಎಳೆಯುತ್ತದೆ. 70ರ ಕೊಳವೆಯಲ್ಲಿ ಅದರ ವೇಗ ಸೆಕೆಂಡಿಗೆ 30 ಮೀಟರ್. 76ರಲ್ಲಿ 26 ಕೂಡ ಮುಟ್ಟುವುದಿಲ್ಲ. ಮಾಫ್ ಸೆನ್ಸರ್‌ನ ಬಿಸಿ ತಂತಿಗೆ ತಾಗುವುದು ತನ್ನ ಪಕ್ಕದಲ್ಲಿ ಹಾದುಹೋಗುವ ಗಾಳಿ ಮಾತ್ರ. ಗಾಳಿ ನಿಧಾನವಾದರೆ ಅದು ಕಮ್ಮಿ ಗಾಳಿ ಬಂತು ಎಂದು ಇಸಿಯುಗೆ ಹೇಳುತ್ತದೆ. ಇಸಿಯು ಅದನ್ನೇ ನಂಬಿ ಪೆಟ್ರೋಲ್ ಅಳೆಯುತ್ತದೆ. ಟ್ರಿಮ್‌ನಲ್ಲಿ ಕಂಡ 18 ಎಲ್ಲಿಂದ ಬಂತು ಎಂದು ಆಗ ಗೊತ್ತಾಯಿತು.

ಇದು ಸಾಲದು ಎಂಬಂತೆ ಸೆನ್ಸರ್ ಕೂರುವ ಜಾಗವನ್ನು ಪೈಪಿನ ತಿರುವು ಮುಗಿದ ತಕ್ಷಣವೇ ಇಟ್ಟಿದ್ದರು. ತಿರುವಿನಲ್ಲಿ ಗಾಳಿ ಒಂದು ಬದಿಗೆ ಒತ್ತಿಕೊಂಡು ಸುಳಿ ಸುತ್ತುತ್ತದೆ. ಐಡಲ್‌ನಲ್ಲಿ ಸೆನ್ಸರ್ ರೀಡಿಂಗ್ ಕುಣಿಯುತ್ತಿದ್ದದ್ದು ಅದಕ್ಕೇ. ಟ್ಯೂನ್ ಮಾಡಿಸಿ, ಅಂದರೆ ಇಸಿಯುನ ಲೆಕ್ಕ ಬದಲಾಯಿಸಿ, ಅಳತೆಯ ವ್ಯತ್ಯಾಸ ಸರಿ ಮಾಡಬಹುದು. ಸುಳಿಯನ್ನು ಟ್ಯೂನ್‌ನಿಂದ ಸರಿ ಮಾಡುವುದು ಕಷ್ಟ. ಟ್ಯೂನ್‌ಗೆ ಬೇರೆ ದುಡ್ಡು ಹಾಕಲು ನನಗೆ ಮನಸ್ಸೂ ಇರಲಿಲ್ಲ.

ಹಾಗಾಗಿ ನನ್ನ ಡಬ್ಬಿಯಲ್ಲಿ ಮೊದಲು ನಿರ್ಧಾರವಾದದ್ದು ಕಂಪನಿಯ ಮಾಫ್ ಕೊಳವೆಯನ್ನು ಹಾಗೇ ಉಳಿಸಿಕೊಳ್ಳುವುದು. ನನ್ನ ಕಾರಿನಲ್ಲಿ ಅದು ಕಂಪನಿಯ ಹಳೆ ಫಿಲ್ಟರ್ ಪೆಟ್ಟಿಗೆಯ, ಅಂದರೆ ಏರ್‌ಬಾಕ್ಸ್‌ನ, ಮುಚ್ಚಳದಿಂದ ಎರಡು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ. ಅದರ ಹಿಂದೆಮುಂದೆ ಸಾಧ್ಯವಾದಷ್ಟು ನೇರ ಜಾಗ ಬಿಟ್ಟು, ಉಳಿದದ್ದನ್ನು ಅದಕ್ಕೆ ಹೊಂದಿಸಿದೆ. ರಟ್ಟಿನಲ್ಲಿ ಐದು ಸಲ ಕತ್ತರಿಸಿ, ಬಾನೆಟ್ ಮುಚ್ಚಿ ನೋಡಿ, ಆಮೇಲೆ ಶೀಟ್ ಕತ್ತರಿಸಿದ್ದು. ಮೇಲಿನ ಅಂಚಿಗೆ ರಬ್ಬರ್ ಪಟ್ಟಿ ಹಾಕಿದೆ, ಬಾನೆಟ್ ಮುಚ್ಚಿದರೆ ಅದೇ ಒತ್ತಿಕೊಂಡು ಸೀಲ್ ಆಗುತ್ತದೆ. ಗಾಳಿ ಬರುವ ಬಾಯಿ ಹೆಡ್‌ಲೈಟ್ ಪಕ್ಕದಲ್ಲಿ, ಗ್ರಿಲ್ ಹಿಂದೆ. ಒಳಗೆ ಎಣ್ಣೆ ಹಾಕದ ಫಿಲ್ಟರ್, ಏಕೆಂದರೆ ಎಣ್ಣೆ ಜಾಸ್ತಿಯಾದರೆ ಮಾಫ್ ತಂತಿಗೆ ಅಂಟುತ್ತದೆ.

ಒಂದು ತಪ್ಪು ನಾನೂ ಮಾಡಿದೆ. ಡಬ್ಬಿಗೂ ಮಾಫ್ ಕೊಳವೆಗೂ ನಡುವಿನ ಅಡಾಪ್ಟರನ್ನು ಪಿಎಲ್‌ಎ ಎಂಬ ಪ್ಲಾಸ್ಟಿಕ್‌ನಲ್ಲಿ 3ಡಿ ಪ್ರಿಂಟ್ ಮಾಡಿಸಿದ್ದೆ. ಪಿಎಲ್‌ಎ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಒಂದು ಮಧ್ಯಾಹ್ನ ಓಡಿಸಿ ನಿಲ್ಲಿಸಿದ್ದಕ್ಕೇ ಕ್ಲಾಂಪ್ ಬಿಗಿದ ಕಡೆ ಅದು ಒಳಕ್ಕೆ ಕುಸಿದಿತ್ತು. ಈಗಿರುವುದು ಎಬಿಎಸ್ ಎಂಬ ಇನ್ನೊಂದು ಪ್ಲಾಸ್ಟಿಕ್, ಅದು 100 ಡಿಗ್ರಿಯವರೆಗೆ ತಡೆಯುತ್ತದೆ. ಇದನ್ನು ಹಾಕಿದ ಮೇಲೆ ಟ್ರಿಮ್ ಶೇ 3 ದಾಟಿಲ್ಲ.

ಖರ್ಚು ಕಿಟ್‌ನ ಮೂರನೇ ಒಂದು ಭಾಗ. ಸಮಯ ಮಾತ್ರ ಒಂದು ತಿಂಗಳ ರಜೆ ದಿನಗಳೆಲ್ಲ ಹೋದವು. ಅಷ್ಟು ಹೊತ್ತು ನಿಮಗಿಲ್ಲ ಅಂದರೆ ಕಂಪನಿಯ ಏರ್‌ಬಾಕ್ಸನ್ನೇ ಇಟ್ಟುಕೊಂಡು ಒಳಗೆ ಹೊಸ ಫಿಲ್ಟರ್ ಹಾಕಿ. ಅದು ಹೇಗೂ ಹೊರಗಿನ ಗಾಳಿಯನ್ನೇ ಎಳೆಯುತ್ತದೆ, ಅಳತೆಯೂ ಸರಿ ಇರುತ್ತದೆ. ಕೋನ್‌ಗಿಂತ ಅದೇ ವಾಸಿ.

ಕಿಟ್ ತೆಗೆಯಲು ಇನ್ನೊಂದು ಕಾರಣ ಮಳೆ. ನಾನು ಮಳೆಗಾಲದಲ್ಲೂ ಇದೇ ಕಾರು ಓಡಿಸುತ್ತೇನೆ. ಕಿಟ್‌ನ ಫಿಲ್ಟರ್ ಇದ್ದದ್ದು ನೆಲಕ್ಕೆ ಹತ್ತಿರ, ಬಂಪರ್ ಹಿಂದೆ. ನಿಂತ ನೀರಿನಲ್ಲಿ ಅದು ಮುಳುಗಿದರೆ ಎಂಜಿನ್ ಗಾಳಿಯ ಜೊತೆ ನೀರನ್ನೂ ಎಳೆದುಕೊಳ್ಳುತ್ತದೆ. ನೀರು ಗಾಳಿಯ ಹಾಗೆ ಒತ್ತಿದರೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ನನ್ನ ಡಬ್ಬಿಯ ಬಾಯಿ ಹೆಡ್‌ಲೈಟ್ ಎತ್ತರದಲ್ಲಿದೆ. ತಳದಲ್ಲಿ ನೀರು ಇಳಿಯಲು 8 ಮಿಲಿಮೀಟರ್ ತೂತು ಒಂದಿದೆ. ಮೊನ್ನೆ ಜೋರು ಮಳೆಯಲ್ಲಿ ಎರಡು ಗಂಟೆ ಓಡಿಸಿ ಬಂದು ಮುಚ್ಚಳ ತೆಗೆದು ನೋಡಿದೆ. ತೂತಿನ ಸುತ್ತ ನಾಲ್ಕು ಹನಿ ಇತ್ತು, ಫಿಲ್ಟರ್ ಒಣಗಿಯೇ ಇತ್ತು.